ನಾನು ‘ಹೌದು’ ಎಂದ ತವರ

ತವರದ ಪಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಬಗ್ಗಿಸಿದರೆ ಒಳಗಿನಿಂದ ಚಿರಚಿರ ಅಂತ ಸದ್ದು ಬರುತ್ತದೆ. ಲೋಹದ ಹರಳುಗಳು ಒಳಗೊಳಗೇ ಮಗ್ಗುಲು ಬದಲಾಯಿಸುವ ಸದ್ದು ಅದು. ಸೀಸವನ್ನು ಹಾಗೆ ಬಗ್ಗಿಸಿದರೆ ಅದು ತುಟಿ ಪಿಟಕ್ಕೆನ್ನುವುದಿಲ್ಲ. ಈ ಸಂಗತಿಯನ್ನು ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಕಲಿತೆ. ಹ್ಯೂಸ್ಟನ್ನಿನ ಭಾನುವಾರದ ಕನ್ನಡ ಕ್ಲಾಸಿನಲ್ಲಿ ಮಕ್ಕಳಿಗೆ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ. ಆಮೇಲೆ ಅದೇ ಸದ್ದನ್ನು ನಂಬಿ ಒಂದು ಮಗುವಿನ ಮೈಗೆ ಸೀಸ ಸೇರುವಂತೆ ಮಾಡಿದೆ. ಆ ಕೊನೆಯದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ನೀರು, ಮಣ್ಣು, ಧೂಳಿನಲ್ಲಿ ಯಾವ ಲೋಹ ಎಷ್ಟಿದೆ ಎಂದು ಅಳೆಯುವುದು. ಎನರ್ಜಿ ಕಾರಿಡಾರ್‌ನ ದೊಡ್ಡ ಕಟ್ಟಡಗಳ ಹಿಂದೆ ನಮ್ಮದೊಂದು ಪುಟ್ಟ ಲ್ಯಾಬ್. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂಗಳ ಮುಖ ದಿನಾ ನೋಡುತ್ತೇನೆ. ಹೀಗಾಗಿ ಕನ್ನಡದವರ ನಡುವೆ ನನಗೆ ‘ಕೆಮಿಸ್ಟ್ರಿ ಆಂಟಿ’ ಅಂತಲೇ ಹೆಸರು. ಭಾನುವಾರ ಅಡುಗೆಮನೆಯಲ್ಲಿರುವ ಧಾತುಗಳನ್ನು ಮಕ್ಕಳಿಗೆ ಪರಿಚಯ ಮಾಡಿಸುತ್ತಿದ್ದೆ. ಉಪ್ಪಿನಲ್ಲಿ ಸೋಡಿಯಂ, ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ, ಹಾಲಿನಲ್ಲಿ ಕ್ಯಾಲ್ಸಿಯಂ, ದೇವರ ಮುಂದಿನ ತಂಬಿಗೆಯಲ್ಲಿ ತಾಮ್ರ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವರು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ಯಾವುದನ್ನು ತೋರಿಸಿದರೂ ಅದು ಢಮ್ ಅನ್ನತ್ತಾ ಇಲ್ವಾ ಅನ್ನುವುದೊಂದೇ ಅವರ ಪ್ರಶ್ನೆ. ನನಗೆ ಅದರಲ್ಲೆಲ್ಲ ಬಹಳ ಖುಷಿಯಿತ್ತು, ಜಂಬವೂ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಬ್ಬರು ಅಂಕಲ್ ಇದ್ದಾರೆ. ಧಾರವಾಡದ ಕಡೆಯವರು. ಪೈಪ್‌ಲೈನ್ ಇಂಜಿನಿಯರ್ ಆಗಿ ರಿಟೈರ್ ಆದವರು. ಅವರ ಹೆಂಡತಿ ತೀರಿಕೊಂಡು ಎರಡು ವರ್ಷವಾದ ಮೇಲೆ ಅವರು ಗರಾಜಿನ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದರು. ಅದರ ತುಂಬ ಆಂಟಿಯ ಹಿತ್ತಾಳೆ ಪಾತ್ರೆಗಳು. ಎಲ್ಲದರ ಅಂಚಿನಲ್ಲೂ ಚುಕ್ಕಿ ಚುಕ್ಕಿಯಾಗಿ ಆಂಟಿಯ ಹೆಸರು ಹೊಡೆಸಿತ್ತು. ಒಳಗಿನ ಕಲಾಯಿ ಮಾತ್ರ ಪೂರ್ತಿ ಹೋಗಿತ್ತು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವಿನ ಬೆರಕೆ. ಹುಳಿ ತಾಗಿದರೆ ಕಿಲುಬು ಬಿಡುತ್ತದೆ. ಒಳಗಡೆ ತೆಳ್ಳಗೆ ತವರ ಬಳಿದರೆ ಆ ತೊಂದರೆಯಿಲ್ಲ. ಅಂಕಲ್ ಚಿಕ್ಕಂದಿನಲ್ಲಿ ಓಣಿಗೆ ಬರುತ್ತಿದ್ದ ಕಲಾಯಿಯವರ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ್ದರಂತೆ. ಆ ನೆನಪಿನ ಮೇಲೆ, ಒಂದು ಗ್ಯಾಸ್ ಒಲೆ ಇಟ್ಟುಕೊಂಡು, ನಾಲ್ಕಾರು ಪಾತ್ರೆ ಸುಟ್ಟು ಹಾಳುಮಾಡಿ, ಕೊನೆಗೆ ಕಲಿತೇಬಿಟ್ಟರು.

ಆಮೇಲೆ ಊರೆಲ್ಲ ಅವರ ಗರಾಜಿಗೆ ಬಂತು. ನಾನ್‌ಸ್ಟಿಕ್ ಬಿಟ್ಟು ಅಜ್ಜಿಯ ಕಾಲದ ಪಾತ್ರೆಗೆ ವಾಪಸ್ ಹೋಗಬೇಕು ಅನ್ನುವ ಹುಮ್ಮಸ್ಸು ಎಲ್ಲರಿಗೂ ಇತ್ತು. ಶನಿವಾರ ಬೆಳಿಗ್ಗೆ ನಾನೂ ಹೋಗಿ ಕೈಜೋಡಿಸುತ್ತಿದ್ದೆ. ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿದ ಪಾತ್ರೆಯನ್ನು ಅವರು ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ತಿರುಗಿಸುವರು. ಕಾದ ಮೇಲೆ ಚಿಟಿಕೆ ನವಸಾಗರ ಉದುರಿಸುವರು. ದಪ್ಪ ಬಿಳಿ ಹೊಗೆ ಏಳುವುದು. ತಕ್ಷಣ ತವರದ ಪಟ್ಟಿಯ ತುದಿ ತಾಗಿಸಿ, ಅರಳೆಯ ಉಂಡೆಯಿಂದ ಒಂದೇ ಸುತ್ತಿಗೆ ಒರೆಸಿಬಿಡುವರು. ಹಳದಿ ಪಾತ್ರೆಯ ಒಳಗೆ ಬೆಳ್ಳಿ ಹರಡಿಕೊಳ್ಳುವುದನ್ನು ನೋಡುವುದೇ ಒಂದು ಸೊಗಸು. ನಾನು ಪಕ್ಕದಲ್ಲಿ ನಿಂತು, ನವಸಾಗರ ಲೋಹದ ಮೇಲಿನ ಕೊಳೆಯ ಪದರವನ್ನು ಹೇಗೆ ತೆಗೆಯುತ್ತದೆ, ತವರ ಎಷ್ಟು ಕಡಿಮೆ ಬಿಸಿಗೆ ಕರಗುತ್ತದೆ ಅಂತ ಬಂದವರಿಗೆಲ್ಲ ಪಾಠ ಹೇಳುತ್ತಿದ್ದೆ. ಕೆಲಸ ಅವರದು, ಮಾತು ನನ್ನದು.

ಹುಬ್ಬಳ್ಳಿಯಿಂದ ತಂದಿಟ್ಟುಕೊಂಡಿದ್ದ ತವರ ಒಂದು ಗಣೇಶ ಹಬ್ಬದ ಹೊತ್ತಿಗೆ ಮುಗಿಯಿತು. ಆಗ ಡ್ಯಾಲಸ್ ಪಕ್ಕದ ರಿಚರ್ಡ್‌ಸನ್‌ನಿಂದ ಒಬ್ಬ ಹುಡುಗ ಬಂದ. ಹುಡುಗ ಅಂದರೆ ಎರಡು ಮಕ್ಕಳ ತಂದೆ, ಬೆಂಗಳೂರಿನವನು, ಸಾಫ್ಟ್‌ವೇರ್ ಇಂಜಿನಿಯರ್. ಅವನ ಆಫೀಸಿನ ಪಕ್ಕದಲ್ಲಿ ಟೆಲಿಕಾಂ ಸಾಮಾನು ಮಾಡುವ ಒಂದು ಘಟಕ ಮುಚ್ಚುತ್ತಿತ್ತು. ಬೆಸುಗೆಯ ತೊಟ್ಟಿಯಲ್ಲಿ ಉಳಿದ ಲೋಹವನ್ನು ಪಟ್ಟಿಗಳಾಗಿ ಹೊಯ್ದು ಗುಜರಿಗೆ ಇಟ್ಟಿದ್ದರು. ‘ತವರ ಸಾರ್, ಬೇಕಾದ್ರೆ ತಗೊಳ್ಳಿ’ ಅಂತ ಯಾರೋ ಅಂದರಂತೆ. ಡ್ಯಾಲಸ್‌ನವರ ಪಾತ್ರೆಗಳನ್ನೆಲ್ಲ ಅಂಕಲ್ ಕೈಯಲ್ಲೇ ಕಲಾಯಿ ಮಾಡಿಸಿಕೊಂಡ ಋಣಕ್ಕೆ ಅವನು ಹತ್ತು ಪಟ್ಟಿಗಳನ್ನು ಕಾರಿನಲ್ಲಿ ಹಾಕಿಕೊಂಡು ಬಂದ. ಪಟ್ಟಿಗಳ ಮೇಲೆ ಏನೂ ಒತ್ತಿರಲಿಲ್ಲ.

ಅವತ್ತು ಗರಾಜಿನಲ್ಲಿ ಏಳೆಂಟು ಜನ ಇದ್ದರು, ಮಕ್ಕಳೂ ಇದ್ದರು. ಅಂಕಲ್ ಒಂದು ಪಟ್ಟಿಯನ್ನು ಕೈಯಲ್ಲಿ ತೂಗಿ ನೋಡಿ ನನ್ನ ಮುಂದೆ ಹಿಡಿದರು. ‘ಇದು ತವರನ ಹೌದಲ್ಲೇನವಾ ತಂಗಿ? ನಿನ್ನ ಮಷೀನಿನ್ಯಾಗ ಒಂದ್ಸಲ ನೋಡ್ತಿಯೇನು?’

‘ಇಷ್ಟಕ್ಕೆಲ್ಲ ಮಷೀನ್ ಯಾಕೆ ಅಂಕಲ್, ಕಿವಿ ಇಲ್ವಾ?’ ಅಂತ ನಕ್ಕೆ.

ಪಟ್ಟಿಯನ್ನು ಕಿವಿಗೆ ಹಿಡಿದು ಬಗ್ಗಿಸಿದೆ. ಸದ್ದು ಬಂತು. ಮಕ್ಕಳು ಮುಗಿಬಿದ್ದರು, ಒಬ್ಬೊಬ್ಬರಿಗೂ ಕೇಳಿಸಿದೆ. ಅಂಕಲ್ ಕೂಡ ಇನ್ನೊಂದು ಪಟ್ಟಿ ತೆಗೆದುಕೊಂಡು ತಮ್ಮ ಕಿವಿಯ ಹತ್ತಿರ ಬಗ್ಗಿಸಿದರು. ಸ್ವಲ್ಪ ಹೊತ್ತು ಹಾಗೇ ನಿಂತು ನನ್ನ ಮುಖ ನೋಡಿದರು. ‘ಕೇಳಿಸ್ತಲ್ಲ? ಅಪ್ಪಟ ತವರ. ಈಗೆಲ್ಲ ಬೆಸುಗೆಗೆ ಸೀಸ ಹಾಕೋದೇ ಇಲ್ಲ’ ಅಂದೆ. ಅವರು ಪಟ್ಟಿಯನ್ನು ಕೆಳಗಿಟ್ಟು, ‘ಆತು ಬಿಡು. ನೀ ಹೇಳಿದ ಮ್ಯಾಲ ಮುಗೀತು’ ಅಂದರು.

ನನ್ನ ಮಾತು ಅರ್ಧ ನಿಜ. ಹೆಚ್ಚಿನ ಕಡೆ ಸೀಸದ ಬೆಸುಗೆ ನಿಂತು ಬಹಳ ಕಾಲವಾಗಿದೆ. ಆದರೆ ಟೆಲಿಕಾಂ ಯಂತ್ರಗಳಿಗೆ ಅದಾದ ಮೇಲೂ ವಿನಾಯಿತಿ ಇತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ. ತವರದ ಜೊತೆ ಸೀಸ ಬೆರೆತಿದ್ದರೂ ತವರ ಜಾಸ್ತಿ ಇದ್ದರೆ ಸದ್ದು ಬರುತ್ತದೆ, ಸ್ವಲ್ಪ ಮೆತ್ತಗೆ, ಅಷ್ಟೇ. ಅದು ಗೊತ್ತಿರಬೇಕಿತ್ತು. ಲ್ಯಾಬಿನಲ್ಲಿ ಒಂದು ಗನ್ ಇದೆ, ಡ್ರಿಲ್ಲಿಂಗ್ ಮಷೀನಿನಷ್ಟು ದೊಡ್ಡದು. ವಸ್ತುವಿನ ಮೇಲೆ ಕ್ಷ-ಕಿರಣ ಬಿಡುತ್ತದೆ, ಒಳಗಿನ ಒಂದೊಂದು ಧಾತುವೂ ತನ್ನದೇ ಗುರುತಿನ ಕಿರಣದಲ್ಲಿ ಉತ್ತರ ಕೊಡುತ್ತದೆ. ಅರ್ಧ ನಿಮಿಷದ ಕೆಲಸ. ಅದನ್ನು ನಾನು ಮಾಡಲಿಲ್ಲ.

ಹೊಸ ತವರ ನೀರಿನ ಹಾಗೆ ಹರಿಯುತ್ತಿತ್ತು. ‘ಇದು ಭಾಳ ಲಗೂ ಕರಗ್ತದಲ್ಲವಾ’ ಅಂತ ಅಂಕಲ್ ಒಂದೆರಡು ಸಲ ಅಂದರು. ಹಳೆಯ ತವರದಲ್ಲಿ ಕಸ ಇತ್ತು ಅಂಕಲ್, ಇದು ಶುದ್ಧ ಅಂದೆ. ಸೀಸ ಬೆರೆತ ತವರ ಇನ್ನೂ ಕಡಿಮೆ ಬಿಸಿಗೆ ಕರಗುತ್ತದೆ ಅನ್ನುವುದು ಬಿ.ಎಸ್ಸಿ. ಮಕ್ಕಳಿಗೂ ಗೊತ್ತಿರುವ ಪಾಠ. ಕಣ್ಣೆದುರಿಗೆ ಇದ್ದದ್ದಕ್ಕೆ ನಾನೇ ಬೇರೆ ಹೆಸರಿಟ್ಟೆ.

ಅಂಕಲ್‌ಗೆ ಒಬ್ಬಳೇ ಮಗಳು. ಗಂಡನ ಜೊತೆ ಆಸ್ಟಿನ್‌ನಲ್ಲಿದ್ದಾಳೆ, ಅವಳಿಗೆ ಪುಟ್ಟ ಹೆಣ್ಣುಮಗು. ಆ ದೀಪಾವಳಿಗೆ ಅಂಕಲ್ ಆಂಟಿಯ ಸಾರಿನ ಬೋಗುಣಿಗೆ ಹೊಸ ಕಲಾಯಿ ಮಾಡಿ ಮಗಳಿಗೆ ಕೊಟ್ಟರು. ಫೆಬ್ರವರಿಯಲ್ಲಿ ಮಗುವಿಗೆ ಎರಡು ವರ್ಷ ತುಂಬಿತು. ಚೆಕಪ್‌ನಲ್ಲಿ ಡಾಕ್ಟರು ಬೆರಳು ಚುಚ್ಚಿ ರಕ್ತದಲ್ಲಿ ಸೀಸ ನೋಡಿದರು. ಜಾಸ್ತಿ ಬಂತು. ಬೆರಳಿನದು ಕೆಲವು ಸಲ ಸುಳ್ಳಾಗುತ್ತದೆ ಅಂತ ತೋಳಿನಿಂದ ರಕ್ತ ತೆಗೆದು ಮತ್ತೆ ನೋಡಿದರು. ಅದೂ ಜಾಸ್ತಿ.

ಅಂಕಲ್ ಮಗಳು ನನಗೆ ಫೋನ್ ಮಾಡಿದಳು. ‘ಅಕ್ಕಾ, ಸೀಸ ಹಳೇ ಪೇಂಟಿಂದಾ, ಮಣ್ಣಿಂದಾ ಅಂತ ಡಾಕ್ಟ್ರು ಕೇಳ್ತಿದಾರೆ. ನಮ್ದು ಹೊಸ ಮನೆ. ಎಲ್ಲಿಂದ ಬರ್ತಿದೆ ಅಂತ್ಲೇ ಗೊತ್ತಾಗ್ತಿಲ್ಲ. ಸ್ವಲ್ಪ ಬಂದು ನೋಡ್ತೀರಾ ಪ್ಲೀಸ್.’

ನಮ್ಮ ಮೇಲಧಿಕಾರಿಯ ಒಪ್ಪಿಗೆ ಪಡೆದು ಗನ್ ತೆಗೆದುಕೊಂಡು ಶನಿವಾರ ಆಸ್ಟಿನ್‌ಗೆ ಡ್ರೈವ್ ಮಾಡಿದೆ. ಕೆಲಸದಲ್ಲಿ ನಾನು ಶಿಸ್ತಿನವಳು. ಗೋಡೆ, ಕಿಟಕಿಯ ಚೌಕಟ್ಟು, ಆಮೇಲೆ ಹಿತ್ತಲ ಮಣ್ಣು. ಅರಿಶಿನ, ಕುಂಕುಮ, ಕಾಡಿಗೆ ಒಂದೊಂದನ್ನೂ ಚೀಲಕ್ಕೆ ಹಾಕಿ ನೋಡಿದೆ. ಯಾವುದರಲ್ಲೂ ಏನೂ ಇಲ್ಲ. ಆಟಿಕೆಗಳನ್ನು ನೆಲದ ಮೇಲೆ ಸಾಲಾಗಿಟ್ಟುಕೊಂಡು ಕೂತೆ. ಅಡುಗೆಮನೆಯಲ್ಲಿ ಟೊಮೇಟೊ ಸಾರು ಕುದಿಯುತ್ತಿತ್ತು. ‘ಊಟ ಮಾಡ್ಕೊಂಡೇ ಹೋಗ್ಬೇಕು’ ಅಂತ ಅವಳು ಅಲ್ಲಿಂದಲೇ ಹೇಳಿದಳು. ಮಗುವಿಗೆ ಹಸಿವಾಗಿ ರಚ್ಚೆ ಹಿಡಿದಿತ್ತು. ಮೊದಲು ಅದಕ್ಕೆ ಕಲಸಿಕೊಟ್ಟಳು. ‘ತಾವು, ತಾವು’ ಅಂತ ತನ್ನ ತೊದಲಿನಲ್ಲಿ ಸಾರು ಕೇಳುತ್ತ ಅದು ಚಮಚ ಬಡಿಯಿತು. ಸಾರು ಅಂದರೆ ಅದಕ್ಕೆ ಜೀವ, ತೀರಿಹೋದ ಅಮ್ಮನೇ ಇವಳಾಗಿ ಬಂದಿದ್ದಾಳೆ ಅಂತ ಅಪ್ಪ ಹೇಳ್ತಿರ್ತಾರೆ ಅಂತ ಅವಳು ನಕ್ಕಳು.

ಆಟಿಕೆಗಳೂ ಮುಗಿದವು. ನಲ್ಲಿ ನೋಡೋಣ ಅಂತ ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಬೋಗುಣಿ ಇತ್ತು. ಅಂಚಿನಲ್ಲಿ ಆಂಟಿಯ ಹೆಸರು. ಸಾರನ್ನು ಬೇರೆ ಪಾತ್ರೆಗೆ ಸುರಿದು, ಬೋಗುಣಿ ತೊಳೆದು, ಒರೆಸಿ, ಒಳಗೆ ಗನ್ ಒತ್ತಿ ಹಿಡಿದೆ. ತಾಮ್ರ, ಸತು, ತವರ ಬಂದವು. ನಾಲ್ಕನೆಯದು ಸೀಸ. ಮೂರು ಕಡೆ ಒತ್ತಿದೆ, ಮೂರು ಕಡೆಯೂ ಅದೇ. ತಿರುಗಿ ನೋಡಿದರೆ ಮಗು ಬಟ್ಟಲು ಖಾಲಿ ಮಾಡಿ ಕೈ ನೆಕ್ಕುತ್ತಿತ್ತು.

ಹುಣಸೆಹಣ್ಣು, ಟೊಮೇಟೊ ಎರಡೂ ಹುಳಿ. ಹುಳಿಯಲ್ಲಿ ಕುದಿಸಿದರೆ ಸೀಸ ಕರಗಿ ಬರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ಮೈಗೆ ಸೀಸ ಯಾವುದು, ಕ್ಯಾಲ್ಸಿಯಂ ಯಾವುದು ಅಂತ ಬೇರೆ ಮಾಡಲು ಬರುವುದಿಲ್ಲ. ಬೆಳೆಯುವ ಮಗುವಿನ ಮೈ ಕ್ಯಾಲ್ಸಿಯಂಗೆ ಬಾಯಿಬಿಟ್ಟುಕೊಂಡೇ ಇರುತ್ತದೆ. ಸೀಸವನ್ನೂ ಒಳಗೆ ಕರೆದು, ಮೂಳೆಯಲ್ಲಿ ಜಾಗ ಕೊಟ್ಟು ಕೂರಿಸುತ್ತದೆ.

‘ಇದು ಅಪ್ಪ ಮಾಡಿಕೊಟ್ಟ ಕಲಾಯಿ’ ಅಂದಳು ಮಗಳು. ‘ದಿನಾ ಇದ್ರಲ್ಲೇ ಮಾಡ್ತಿದ್ದೆ ಅಕ್ಕಾ. ಒಳ್ಳೇದು ಅಂತ.’

ಆ ತವರವನ್ನು ಹೌದು ಎಂದವಳು ನಾನು ಅಂತ ಅಲ್ಲೇ ಹೇಳಬೇಕಿತ್ತು. ‘ಅಪ್ಪನ ಹತ್ರ ಉಳಿದಿರೋ ತವರದ ಪಟ್ಟಿ ಚೆಕ್ ಮಾಡ್ತೀನಿ’ ಅಂತ ಮಾತ್ರ ಹೇಳಿ ಹೊರಟೆ. ಹೈವೇ 290ರಲ್ಲಿ ಎರಡೂವರೆ ಗಂಟೆ ಡ್ರೈವ್ ಮಾಡಿ ಬಂದೆ. ನೇರ ಅಂಕಲ್ ಗರಾಜಿಗೆ ಹೋಗಿ ಉಳಿದಿದ್ದ ಪಟ್ಟಿಯ ಮೇಲೆ ಗನ್ ಇಟ್ಟೆ. ಮೂರರಲ್ಲಿ ಎರಡು ಪಾಲು ತವರ, ಒಂದು ಪಾಲು ಸೀಸ.

ಅಂಕಲ್ ಬಕೆಟ್ ಬೋರಲು ಹಾಕಿ ಕೂತರು. ಬೋಗುಣಿಯಲ್ಲಿ ಸಿಕ್ಕಿದ್ದನ್ನೂ ಹೇಳಿದೆ. ‘ಕೂಸು ಹ್ಯಾಂಗದ?’ ಅಂತ ಕೇಳಿದರು. ಆಡಿಕೊಂಡಿದೆ ಅಂದೆ. ‘ಮಗಳಿಗೆ ನಾನ ಹೇಳ್ತೀನಿ. ಮಾಡಿದಾವ ನಾನು. ನಿನ್ನ ಹೆಸರು ಇದ್ರಾಗ ಬ್ಯಾಡ. ನೀ ಇನ್ನೂ ಇದ ನೌಕರಿ ಮಾಡಾಕಿ’ ಅಂದರು.

ಬೇಡ ಅಂಕಲ್ ಅನ್ನಬೇಕಿತ್ತು. ಅನ್ನಲಿಲ್ಲ. ಲೋಹ ಅಳೆಯುವವಳೇ ಕಿವಿಯಲ್ಲಿ ಲೋಹ ಪರೀಕ್ಷೆ ಮಾಡಿದಳು ಅಂತ ಗೊತ್ತಾದರೆ ನನ್ನ ಮಾತಿಗೆ ಯಾವ ಬೆಲೆ ಅನ್ನುವ ಹೆದರಿಕೆ. ನಾಚಿಕೆಗೆಟ್ಟವಳ ಹಾಗೆ ಒಪ್ಪಿಕೊಂಡೆ.

ಅವರು ಎಲ್ಲರಿಗೂ ಮೆಸೇಜ್ ಕಳಿಸಿದರು: ಗಣೇಶ ಹಬ್ಬದ ನಂತರ ನಾನು ಕಲಾಯಿ ಮಾಡಿದ ಪಾತ್ರೆಗಳಲ್ಲಿ ಅಡುಗೆ ಮಾಡಬೇಡಿ, ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ, ತಪ್ಪು ನನ್ನದು. ಗರಾಜಿನ ಹೊಗೆ ಕುಡಿದವರು ನಾವಿಬ್ಬರು, ನಮ್ಮ ರಕ್ತವನ್ನೂ ನೋಡಿಸಿದೆವು. ನನ್ನದು ಸ್ವಲ್ಪ, ಅವರದು ನನಗಿಂತ ಜಾಸ್ತಿ ಬಂತು. ಅವರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮಗಳು ಅಪ್ಪನ ಫೋನ್ ತೆಗೆಯುವುದನ್ನು ನಿಲ್ಲಿಸಿದ್ದಳು.

ಎರಡು ವಾರ ಸೈಪ್ರೆಸ್‌ನ ಮನೆಮನೆಗೆ ಹೋಗಿ ಪಾತ್ರೆ ನೋಡಿದೆ. ಹಳೆಯ ತವರದವು ಸರಿಯಿದ್ದವು. ಕೆಟ್ಟವನ್ನು ಕೌಂಟಿಯ ಅಪಾಯಕಾರಿ ಕಸದ ಕೇಂದ್ರಕ್ಕೆ ಸಾಗಿಸಿದೆ. ಮೂರನೇ ಶನಿವಾರ ಡ್ಯಾಲಸ್. ರಿಚರ್ಡ್‌ಸನ್‌ನ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಟೇಬಲ್ ಹಾಕಿಕೊಂಡು ಕೂತೆ. ಜನ ಪಾತ್ರೆಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಸಾಲುನಿಂತರು. ಪಟ್ಟಿ ತಂದುಕೊಟ್ಟ ಹುಡುಗ ಎಲ್ಲರಿಗೂ ನೀರು ಕೊಡುತ್ತ ಓಡಾಡುತ್ತಿದ್ದ. ನನ್ನ ಹತ್ತಿರ ಬಂದಾಗ, ‘ಅಕ್ಕ, ನಾನೇ ತಂದುಕೊಟ್ಟೆ’ ಅಂತ ಹೇಳಿ ಕಣ್ಣೊರೆಸಿಕೊಂಡ. ಅವನನ್ನು ಸಮಾಧಾನ ಮಾಡುವ ಮಾತು ನನ್ನ ಹತ್ತಿರ ಇತ್ತು. ಅದನ್ನು ಹೇಳಿದರೆ ನನ್ನ ಗುಟ್ಟೂ ಹೊರಬೀಳುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಸಾಲಿನಲ್ಲಿದ್ದ ಒಬ್ಬರು ಪಕ್ಕದವರಿಗೆ ಹೇಳಿದರು: ‘ಈ ವಯಸ್ಸಲ್ಲಿ ಅವರಿಗೆ ಯಾಕ್ರೀ ಬೇಕಿತ್ತು ಈ ಉಸಾಬರಿ? ತವರ ಯಾವ್ದು, ಸೀಸ ಯಾವ್ದು ಅಂತ ಗೊತ್ತಿಲ್ಲದವರು. ಸ್ವಂತ ಮೊಮ್ಮಗಳಿಗೇ ವಿಷ ಹಾಕಿದ್ರಲ್ಲ.’

ಗನ್ ಕೆಳಗಿಟ್ಟೆ. ‘ಗೊತ್ತಾಗದೇ ಇದ್ದದ್ದು ಅವರಿಗಲ್ಲ, ನನಗೆ’ ಅಂದೆ. ‘ಮಷೀನಲ್ಲಿ ನೋಡು ಅಂತ ಅವರು ಕೇಳಿದ್ರು. ನಾನು ಬೇಡ ಅಂದೆ. ಕಿವಿಗೆ ಹಿಡಿದು ತವರ ಅಂತ ಹೇಳಿದವಳು ನಾನು.’ ಮುಂದಿನ ಪಾತ್ರೆ ಕೊಡಿ ಅಂತ ಕೈ ಚಾಚಿದೆ. ಸ್ವಲ್ಪ ತಡವಾಗಿ ಕೊಟ್ಟರು.

ಸಂಜೆ ಹ್ಯೂಸ್ಟನ್‌ಗೆ ವಾಪಸ್ ಹೋಗುವ ಹೈವೇ 45ಕ್ಕೆ ಹತ್ತಲಿಲ್ಲ. 35 ಹಿಡಿದು ಆಸ್ಟಿನ್‌ಗೆ ಹೋದೆ. ಡ್ಯಾಲಸ್‌ನಲ್ಲಿ ಹೇಳಿದ್ದು ಅವಳಿಗೆ ಬೇರೆಯವರ ಬಾಯಿಂದ ತಲುಪುವುದು ಬೇಡ ಅನ್ನಿಸಿತ್ತು. ಬಾಗಿಲು ತೆಗೆದವಳು ಒಳಗೆ ಬನ್ನಿ ಅಂದಳು. ನಾನು ಹೊಸಿಲಲ್ಲೇ ನಿಂತು ಎಲ್ಲ ಹೇಳಿದೆ. ಗಣೇಶ ಹಬ್ಬದ ಹೊತ್ತಿನದ್ದು, ಅಪ್ಪ ಮಷೀನ್ ಕೇಳಿದ್ದು, ನಾನು ನಕ್ಕಿದ್ದು.

ಅವಳು ಪೂರ್ತಿ ಕೇಳಿದಳು. ‘ಅಪ್ಪ ನಿಮ್ಮ ಹೆಸರೇ ಹೇಳ್ಲಿಲ್ಲ’ ಅಂದಳು.

‘ಗೊತ್ತು.’

‘ಬಾಯಿಗೆ ಬಂದಿದ್ದೆಲ್ಲ ಅಂದೆ ನಾನು ಅವ್ರಿಗೆ. ಅಮ್ಮ ಇದ್ದಿದ್ರೆ ನಿಮ್ಮನ್ನ ಕ್ಷಮಿಸ್ತಿರ್ಲಿಲ್ಲ ಅಂತಾನೂ ಅಂದೆ. ಆಗ್ಲೂ ಹೇಳ್ಲಿಲ್ಲ.’ ಆಮೇಲೆ ನನ್ನನ್ನು ನೇರವಾಗಿ ನೋಡಿ, ‘ನೀವೀಗ ಹೇಳಿದ್ರಿಂದ ಅವಳ ಮೈಯಲ್ಲಿ ಇರೋದು ಕಡಿಮೆ ಆಗತ್ತಾ?’ ಅಂತ ಕೇಳಿದಳು. ಇಲ್ಲ ಅಂದೆ. ಕೆಮಿಸ್ಟ್ರಿ ಆಂಟಿಗೆ ಖಚಿತವಾಗಿ ಗೊತ್ತಿದ್ದ ಉತ್ತರ ಅದೊಂದೇ. ಅವಳು ನಿಧಾನವಾಗಿ ಬಾಗಿಲು ಹಾಕಿಕೊಂಡಳು. ಅಲ್ಲಿಂದೀಚೆಗೆ ನನ್ನ ಜೊತೆ ಮಾತಿಲ್ಲ. ಆದರೆ ಮರುದಿನ ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿದಳಂತೆ.

ಮಗುವಿಗೆ ಕಬ್ಬಿಣಾಂಶದ ಔಷಧಿ ಹನಿ, ಹಾಲು, ಮೊಸರು, ಕಿತ್ತಳೆ ಕೊಡಿ ಅಂದಿದ್ದಾರೆ ಡಾಕ್ಟರು. ಮೈಗೆ ಕಬ್ಬಿಣ, ಕ್ಯಾಲ್ಸಿಯಂ ಸಾಕಷ್ಟು ಸಿಕ್ಕರೆ ಸೀಸಕ್ಕೆ ಆಸೆಪಡುವುದು ಕಡಿಮೆಯಾಗುತ್ತದೆ. ರಕ್ತದಲ್ಲಿನ ಲೆಕ್ಕ ತಿಂಗಳು ತಿಂಗಳು ಇಳಿಯುತ್ತಿದೆ. ಮೂಳೆಗೆ ಹೋದದ್ದು ಅಲ್ಲೇ ವರ್ಷಗಟ್ಟಲೆ ಇರುತ್ತದೆ. ಮುಂದೆ ಮಾತಿಗೆ, ಓದಿಗೆ ಏನಾದರೂ ತೊಂದರೆಯಾದೀತೇ ಅಂದರೆ, ನೋಡೋಣ ಅನ್ನುತ್ತಾರೆ. ಆ ‘ನೋಡೋಣ’ವನ್ನು ನಾನು ಹೊತ್ತುಕೊಂಡೇ ಓಡಾಡುತ್ತೇನೆ. ಭಾನುವಾರದ ಪಾಠ ನಿಲ್ಲಿಸಿದ್ದೇನೆ.

ಕಳೆದ ತಿಂಗಳು ಗರಾಜು ಖಾಲಿ ಮಾಡಲು ಅಂಕಲ್ ಕರೆದರು. ಕೊನೆಗೆ ಉಳಿದದ್ದು ಆಂಟಿಯ ಬೋಗುಣಿ. ಮಗಳು ವಾಪಸ್ ಕಳಿಸಿದ್ದಳು. ಅಂಚಿನ ಹೆಸರಿನ ಮೇಲೆ ಒಂದು ಸಲ ಬೆರಳಾಡಿಸಿ ಅವರೇ ಅದನ್ನು ಕಸದ ಕೇಂದ್ರಕ್ಕೆ ಹೋಗುವ ಡಬ್ಬಿಯಲ್ಲಿಟ್ಟರು. ಆಮೇಲೆ ಹುಬ್ಬಳ್ಳಿ ತವರದ ಬೆರಳುದ್ದದ ಒಂದು ಚೂರು, ರಿಚರ್ಡ್‌ಸನ್ ಪಟ್ಟಿಯ ಒಂದು ಚೂರು ನನ್ನ ಕೈಗೆ ಕೊಟ್ಟು, ಬಗ್ಗಿಸು ಅಂದರು. ಒಂದಾದ ಮೇಲೊಂದು ಬಗ್ಗಿಸಿದೆ. ಮೊದಲನೆಯದು ಒಣಸೌದೆ ಮುರಿದ ಹಾಗೆ ಚಿಟಿಚಿಟಿ ಅಂತು. ಎರಡನೆಯದು ಮೆತ್ತಗೆ, ದೂರದಿಂದ ಬಂದ ಹಾಗೆ. ಪಕ್ಕಪಕ್ಕದಲ್ಲಿ ಕೇಳಿದರೆ ಮಕ್ಕಳಿಗೂ ಗೊತ್ತಾಗುತ್ತದೆ.

‘ಅವತ್ತ ನಂಗೂ ಕೇಳಿಸಿತ್ತವಾ’ ಅಂದರು ಅಂಕಲ್. ‘ಸಪ್ಪಳ ಸಣ್ಣದದ ಅನ್ನಿಸಿತ್ತು. ಇದು ನಮ್ಮ ತವರದ ಸಪ್ಪಳ ಅಲ್ಲ ಅನ್ನಿಸಿತ್ತು. ನೀ ಕಲಿತಾಕಿ, ಹೌದು ಅಂದಿ. ಸುಮ್ನಾದೆ.’